ನೀರು ಬಿಡಾಂವ

ಸಂಜಿ ಐದೂವರೆಗೆ ಟಿ.ವಿ. ಒಳಗ ಒಂದ ಗೊಂಬಿ ಗುಬ್ಬಿ ಬರ್ತೈತಿ.
ಬಟ್ಟಿ ರೆಕ್ಕಿ, ಗುಂಡಿ ಕಣ್ಣು,
ಒಂದು ಕಣ್ಣಿನ ದಾರ ಸಡಿಲ.
ಅದು ಬಂತಂದ್ರ ನಮ್ಮ ಕಸ್ತೂರಿ
ತಾಟಿನಾಗಿನ ಚುರಮರಿ ಮರೀತಾಳ.

ನಿನ್ನೆ ಅದು ಹಾರಿ ಕುಂತದ್ದು
ಸುಲ್ತಾನನ ಸಿಂಹಾಸನದ ಮ್ಯಾಲಲ್ಲ,
ಒಂದು ಗಂಜ್ ಮ್ಯಾಲ. ಕಲ್ಲಿನ ನೀರ್ಗೋಪುರ.
"ತೊರವಿಯಿಂದ ನೆಲದಡಿ ನಡಕೊಂಡು ಬಂದ ನೀರು
ಇಲ್ಲಿ ಏರಿ, ದಣಿವಾರಿಸಿಕೊಂಡು,
ಕೆಸರು ಕೆಳಗಿಟ್ಟು,
ಮಣ್ಣಿನ ಕೊಳವಿ ಹಿಡಿದು ಓಣಿ ಓಣಿಗೆ ಹೋಗ್ತಿತ್ತು"
ಅಂತು. ಗಂಟಲದಾಗ ಗುಳುಗುಳು ಮಾಡಿ ತೋರಿಸ್ತು.

"ಅಜ್ಜಾ, ಇದು ನಮ್ಮ ಹಿತ್ತಲದ್ದು!"

ನಾನು ಪಾಲಿಕೆ ವಾಲ್ವ್‌ಮನ್, ಮೂವತ್ತೊಂದು ವರ್ಷ.
ಅದರ ಬುಡಕ್ಕ ಸೈಕಲ್ ಆನಿಸಿ
ಎಂಟು ದಿನಕ್ಕೊಮ್ಮೆ ಓಣಿಗೆ ನೀರು ಬಿಟ್ಟಾಂವ,
ಅದರ ನೆರಳಿಗೆ ಬುತ್ತಿ ಬಿಚ್ಚಿದಾಂವ.
ಆಡು ಕಟ್ಟಾಕ, ಎಲೆಕ್ಷನ್ ಚೀಟಿ ಹಚ್ಚಾಕ,
ಗಂಡಸರು ಗ್ವಾಡಿಗೆ ಮುಖ ಮಾಡಿ ನಿಲ್ಲಾಕ ಒಂದು ಮರೆ,
ಅಷ್ಟ ಅಂದ್ಕೊಂಡಿದ್ದೆ.
ಕತ್ತೆತ್ತಿ ನೋಡಿದ್ದು ಕಮ್ಮಿ. ನನ್ನ ಕೆಲಸ ನೆಲದಾಗ.

ಕೈ ಹಿಡಿದು ಎಳಕೊಂಡು ಹೋದಳು, ಕಾಲಾಗ ಚಪ್ಪಲಿಲ್ಲ.
ಕಲ್ಲಿಗೆ ಕಿವಿ ಹಚ್ಚಿದಳು.
"ಟಿ.ವಿ.ಯಾಗ ಇದರ ತಲಿಗೆ ಅರಳಿ ಗಿಡ ಇರಲಿಲ್ಲ.
ಗುಬ್ಬಿ ಸುಳ್ಳು ಹೇಳ್ತೇನು?"
ಸುಳ್ಳಲ್ಲವ್ವಾ, ಅದು ತೋರಿಸಿದ್ದು ಆಗಿನದು,
ಬೇರು ಆಮ್ಯಾಲ ಬಂದಾವು ಅಂದೆ.
ಅಂದು, ನಾನೇ ಬೆರಗಾದೆ.

ಆಮ್ಯಾಲ ಕೇಳಿದಳು, ಗುಬ್ಬಿ ಹೇಳದ ಹಾರಿದ ಮಾತು:
"ಕಟ್ಟಿಸಿದ ಸುಲ್ತಾನನ ಹೆಸರು ಹೇಳ್ತು.
ದಿನಾ ಮುಂಜಾನಿ ನೀರು ಬಿಡಾಂವ ಯಾರಿದ್ದ?"

ಹೌದಲ್ಲ.
ಯಾವನೋ ಇದ್ದ. ಕೋಳಿಗಿಂತ ಮೊದಲು ಎದ್ದು,
ಇವತ್ತ್ಯಾಕ ಸಣ್ಣಗ ಬಂತಂತ
ಕೊಡ ಹಿಡಿದವರ ಬಾಯಿಗೆ ಸಿಕ್ಕು,
ಸೊಂಟ ಹಿಡಕೊಂಡು ಏಳಾಂವ.
ಅಂಗಿ ಒಗೆದರೂ ಹೋಗದ ಹಸಿಮಣ್ಣಿನ ವಾಸನಿ.
ಅವನ ಹೆಸರು ಕೊರೆದ ಕಲ್ಲು ನಾ ಎಲ್ಲೂ ಕಂಡಿಲ್ಲ.

"ಗೊತ್ತಿಲ್ಲವ್ವ."
"ಗುಬ್ಬಿಗೆ ಕಾಗದ ಬರೀಲೇನು?"
"ಬರಿ."

ರಾತ್ರಿ ಪಾಟಿಚೀಲದಾಗ ಹಾಳಿ ಕಂಡೆ.
ಗಂಜ್, ಅದರ ತಲಿಮ್ಯಾಲ ಗಿಡ, ಬುಡಕ್ಕ ಆಡು.
ವಾಲ್ವಿನ ಕೀಲಿ ಹಿಡಿದ ಒಬ್ಬಾಂವ,
ತಲಿಗೆ ಆಗಿನ ಕಾಲದ ರುಮಾಲು,
ಎದಿಮ್ಯಾಲ ನನ್ನ ಪಾಲಿಕೆ ಬಿಲ್ಲೆ.
ಕೆಳಗ ಸೊಟ್ಟ ಅಕ್ಷರ:
ಇವನ ಹೆಸರಿಗೆ ಜಾಗಾ ಬಿಟ್ಟೀನಿ.
ಗುಬ್ಬಿ, ನಿನಗ ಗೊತ್ತಾದರ ತುಂಬು.