ಕ್ಲೊರಿಂಡಾ ಬೀರು ತೆರೆದು ಹೇಳಿದ್ದು

(ಚಿಲಿಯ ದಕ್ಷಿಣ ತುದಿಯ ಒಂದು ದ್ವೀಪದಲ್ಲಿ, ಹೊಸ ಪಾದ್ರಿಗೆ)

ತಲೆ ತಗ್ಗಿಸಿ ಬನ್ನಿ ಫಾದರ್,
ಈ ಬಾಗಿಲು ಇಟ್ಟವರು ಗಿಡ್ಡ ಜನ, ದೋಣಿ ಕಟ್ಟುವವರು.
ಮೇಲೆ ನೋಡಿ, ಮಾಡು ಕೂಡ ಬೋರಲು ಹಾಕಿದ ದೋಣಿಯೇ.
ನಾಳೆ ಹೋದರೆ ನೀವು ಮತ್ತೆ ಬರುವುದು ಎರಡು ತಿಂಗಳಿಗೆ.
ಅಲ್ಲಿಯವರೆಗೆ ಜಪ ಹೇಳಿಸುವವನು ಬಾಲ್ದೊಮೆರೊ,
ಬಟ್ಟೆ ನೋಡಿಕೊಳ್ಳುವವಳು ನಾನು.

ಮೊದಲ ಖಾನೆ, ನೇರಳೆ.
ನಿಮ್ಮ ಪೋಲೆಂಡಿನಲ್ಲಿ ಆಗಮನ ಕಾಲವೆಂದರೆ
ಮಧ್ಯಾಹ್ನ ಮೂರಕ್ಕೇ ಕತ್ತಲಂತೆ, ಹಿಮವಂತೆ,
ವಾರಕ್ಕೊಂದು ಮೇಣದ ಬತ್ತಿ ಹಚ್ಚಿ ಕಾಯುವುದಂತೆ.
ಇಲ್ಲಿ ರಾತ್ರಿ ಹತ್ತಾದರೂ ಬೆಳಕು ಹೋಗುವುದಿಲ್ಲ.
ನಾಲ್ಕು ಹಚ್ಚಿದರೂ ಜ್ವಾಲೆ ಕಾಣಿಸದು;
ವಾಸನೆಯಿಂದ ತಿಳಿಯಬೇಕು, ಉರಿಯುತ್ತಿದೆ ಎಂದು.
ನಮಗೆ ಕಾಯುವುದೆಂದರೆ
ಹುಲ್ಲು ಕೊಯ್ಯುತ್ತ ಕೊಯ್ಯುತ್ತ
ಸೊಂಟ ನೆಟ್ಟಗೆ ಮಾಡಿ ಒಮ್ಮೆ ಕಡಲ ಕಡೆ ನೋಡುವುದು.

ಬಿಳಿಗೆ ಇಸ್ತ್ರಿ ಆಗಿದೆ.
ನಮ್ಮ ಗೋದಲಿಯ ಹುಲ್ಲು ಹಸಿಹಸಿ ಇರುತ್ತದೆ,
ಬಾಲಯೇಸುವಿನ ಮುಖದ ಮೇಲಿಂದ ನೊಣ ಓಡಿಸಲು
ಒಬ್ಬ ಹುಡುಗನನ್ನು ಕೂರಿಸುತ್ತೇವೆ.

ಮತ್ತೆ ಅದೇ ನೇರಳೆ, ತಪಸ್ಸುಕಾಲಕ್ಕೆ.
ಅದು ಬರುವುದು ಸೇಬು ಉದುರುವಾಗ,
ಗಾಣದಿಂದ ರಸ ಸುರಿದು ಅಂಗಳವೆಲ್ಲ ಹುಳಿ ಘಮಿಸುವಾಗ.
ಏನೂ ಇಲ್ಲದಾಗ ಹಸಿದಿರುವುದು ಏನು ಮಹಾ, ಫಾದರ್?
ಕಣಜ ತುಂಬಿದಾಗ ತಟ್ಟೆ ಸರಿಸುವುದಿದೆಯಲ್ಲ,
ಅದರ ಕಷ್ಟ ನಮ್ಮ ಹಲ್ಲುಗಳನ್ನು ಕೇಳಿ.

ಗುಲಾಬಿಯದನ್ನು ಮುಟ್ಟಬೇಡಿ, ಕೈ ತೊಳೆದು ಬನ್ನಿ.
ವರ್ಷಕ್ಕೆ ಎರಡೇ ಭಾನುವಾರ ಅದಕ್ಕೆ,
ಆ ಎರಡಕ್ಕೂ ಪಾದ್ರಿ ಇದ್ದ ವರ್ಷ ನನಗೆ ನೆನಪಿಲ್ಲ.

ಈಗ ಪಾಸ್ಕ. ಕೂತುಕೊಳ್ಳಿ.
ನಿಮ್ಮಲ್ಲಿ ಆತ ಏಳುವಾಗ ಎಲ್ಲವೂ ಏಳುತ್ತದೆ,
ಚಿಗುರು, ಹಕ್ಕಿ, ಕರಗಿದ ಹೊಳೆ.
ಆ ಗದ್ದಲದಲ್ಲಿ ಯಾರಿಗೆ ಗೊತ್ತಾದೀತು?
ಇಲ್ಲಿ ಅದು ಎಲ್ಲ ಇಳಿಯುವ ಹೊತ್ತು.
ಹಗಲು ಮೋಟಾಗುತ್ತದೆ. ಎಲೆ ಬೀಳುತ್ತದೆ.
ಮಂಡಿಯೂರಿ ಆಲೂಗಡ್ಡೆ ಅಗೆಯುತ್ತೇವೆ;
ಬಿತ್ತಿದ ಗಡ್ಡೆ ಕೈಗೆ ಸಿಗುತ್ತದೆ, ಬರೀ ಸಿಪ್ಪೆ, ಕೊಳೆತ ನೀರು,
ಸುತ್ತ ಹನ್ನೊಂದು ಮಕ್ಕಳು.
ಉಗುರಿನ ಮಣ್ಣಿನ ಸಮೇತ ಜಾಗರಣೆಗೆ ಬರುತ್ತೇವೆ,
ಹೊಸ ಬೆಂಕಿಯನ್ನು ಗಾಳಿ ಮೂರು ಸಲ ಆರಿಸುತ್ತದೆ.
ಎಲ್ಲ ಇಳಿಯುವಾಗ ಆತ ಒಬ್ಬನೇ ಏರುತ್ತಾನೆ,
ಸೆಳೆತಕ್ಕೆ ಎದುರಾಗಿ ಹುಟ್ಟು ಹಾಕುವವನ ಹಾಗೆ.

ಕೆಂಪು ಜೂನಿಗೆ.
ಬೆಂಕಿಯ ನಾಲಗೆಗಳ ಬಗ್ಗೆ ಬೋಧನೆ ಚಿಕ್ಕದಿರಲಿ,
ಒಲೆಯ ಮೇಲೆ ಕಾಲುಚೀಲ ಒಣಗಿಸುವವರಿಗೆ ಅದು ಅರ್ಥವಾಗುತ್ತದೆ.

ಕಡೆಗೆ ಹಸಿರು.
ಮೂವತ್ತನಾಲ್ಕು ವಾರ, ಹೆಸರು ಸಾಧಾರಣ ಕಾಲ.
ಭುಜದ ಮೇಲಿನ ತೇಪೆ ನಾನೇ ಹಾಕಿದ್ದು.
ಎವಾರಿಸ್ಟೊ ಹೋದದ್ದು ಇದರಲ್ಲೇ,
ಹದಿನೇಳನೆಯ ವಾರದ ಗುರುವಾರ, ಯಾವ ಹಬ್ಬವೂ ಅಲ್ಲ.
ದೋಣಿ ಸಿಕ್ಕಿತು.
ಬಾಲ್ದೊಮೆರೊ ಪುಸ್ತಕ ತೆರೆದು ಆ ದಿನದ ಪಾಠವನ್ನೇ ಓದಿದ,
ಕಡಲಿಗೆ ಬೀಸಿದ ಬಲೆಯದು.
ಬೇರೆ ಪುಟ ಹುಡುಕಬಹುದಿತ್ತು, ಹುಡುಕಲಿಲ್ಲ.
ಅದಕ್ಕೆ ಇವತ್ತಿಗೂ ಅವನಿಗೆ ಬ್ರೆಡ್ಡು ಕಳಿಸುತ್ತೇನೆ.

ಹಾಕಿ ನೋಡಿ. ನೀವು ಉದ್ದ, ಮೊಣಕಾಲಿಗೇ ನಿಂತಿತು.
ಇರಲಿ, ಅಂಚು ಬಿಚ್ಚಿ ಕೊಡುತ್ತೇನೆ.
ಮಡಿಕೆಯ ಒಳಗೆ
ಬಿಸಿಲು ಕಾಣದ ಹಸಿರು
ಇನ್ನೂ ನಾಲ್ಕು ಬೆರಳು ಇದೆ.