ಅಚ್ಚಿನ ತಪ್ಪು

ನಿಮ್ಮನ್ನು ನಾನು ಮೊದಲು ಓದಿದ್ದು ತಲೆಕೆಳಗಾಗಿ,
ಹುಚ್ಚರಾಯಪ್ಪನವರೇ,
ದುರ್ಗಿಗುಡಿಯ ಅಡ್ಡರಸ್ತೆಯ ಪ್ರೆಸ್ಸಿನಲ್ಲಿ,
ಎಡಗೈಯಲ್ಲಿ ಸ್ಟಿಕ್ಕು, ಬಲಗೈಯಲ್ಲಿ ಮೊಳೆ,
ಒಂದೊಂದೇ ಅಕ್ಷರ, ಅದರ ಕಾಲಿಗೊಂದು ಒತ್ತು.
ಎಸ್ಸೆಸ್ಸೆಲ್ಸಿ ಫೇಲಾದವಳಿಗೆ ದಿನಕ್ಕೆ ಎಂಟು ರೂಪಾಯಿ.
ಅರ್ಥ ಹುಡುಕಬೇಡ ಅಂದಿದ್ದರು ಫೋರ್‌ಮನ್ ದಸ್ತಗೀರ್ ಸಾಹೇಬರು,
ಅರ್ಥ ಹುಡುಕಿದರೆ ಕೈ ನಿಧಾನವಾಗುತ್ತೆ.

ನಿಧಾನವಾಯಿತು.
'ದೇವರಿಗೇ ನಾಚಿಕೆಯಾಗುವಷ್ಟು' ಅನ್ನುವಲ್ಲಿಗೆ ಹಾಳೆ ಮುಗಿದಿತ್ತು,
ಮುಂದಿನದು ತುಂಗೆಯ ಆಚೆ, ನಿಮ್ಮ ಮನೆಯಲ್ಲಿ.
ಆ ರಾತ್ರಿ ಹೊಸಮನೆಯ ಒಂದೂವರೆ ಕೋಣೆಯಲ್ಲಿ
ಅಮ್ಮ ದೀಪ ಹಚ್ಚುವುದನ್ನು ನೋಡುತ್ತ ಕೂತೆ:
ದೇವರಿಗೇ ನಾಚಿಕೆಯಾಗುವಷ್ಟು, ಏನು?
ಬೆಳಿಗ್ಗೆ ಹುಡುಗ ಹಾಳೆ ತಂದ. ನಾನು ಊಹಿಸಿದ್ದೇ ಬೇರೆ.
ನನ್ನದೇ ಚೆನ್ನಾಗಿತ್ತು ಅನ್ನಿಸಿತಲ್ಲ,
ಅದು ನೀವು ಹತ್ತಿಸಿದ ಮೊದಲ ಚಟ.

ಅಚ್ಚಾದ ಪುಟ ಬಿಚ್ಚಿ
ಮೊಳೆಗಳನ್ನು ಅವವುಗಳ ಮನೆಗೆ ಸೇರಿಸುವುದೂ ನನ್ನ ಕೆಲಸವೇ.
ನೀವು ಜಾತಿಯನ್ನು ಬೈದ ಜಾ
ಮರುದಿನ ಯಾರದೋ ಜಾತಕ ಕೂಡಿಬಂದ ಸುದ್ದಿಗೆ ಹೋಗುತ್ತಿತ್ತು.
ಸೀಸಕ್ಕೆ ಸಿಟ್ಟಿಲ್ಲ.
ಬೆರಳ ತುದಿಯ ಕಪ್ಪು ಮಾತ್ರ
ಸೀಗೆಕಾಯಿಗೂ ಹೋಗಲಿಲ್ಲ.

ಗೋಪಿ ಸರ್ಕಲ್ಲಿನಲ್ಲಿ ನಿಮ್ಮ ಸಂಚಿಕೆ ಸುಟ್ಟ ಸಂಜೆ
ನಾನೂ ಗುಂಪಿನಲ್ಲಿದ್ದೆ, ಮಂಡಕ್ಕಿ ಪೊಟ್ಟಣ ಹಿಡಿದು.
ನಾಲ್ಕನೇ ಪುಟ ಮುದುರಿ ಕಪ್ಪಾಗುತ್ತಿದ್ದಾಗ ಕಣ್ಣಿಗೆ ಬಿತ್ತು:
'ದರ್ಮ'. ಹೊಟ್ಟೆ ಸೀಳುವುದು ಮರೆತಿದ್ದೆ.
ಸುಡುವವರಲ್ಲಿ ಒಬ್ಬರೂ ಗಮನಿಸಲಿಲ್ಲ.
ನಾನು ಸುಡುವುದಾಗಿದ್ದರೆ
ತಿದ್ದಿ ಸುಡುತ್ತಿದ್ದೆ.

ನಿಮ್ಮದೆಲ್ಲ ಒಪ್ಪಿದೆನೆಂದಲ್ಲ.
ಕೋಟೆ ಬೀದಿಯ ಗಮಕದ ಮೇಷ್ಟರು ಗುಂಡಾಜೋಯಿಸರನ್ನು
ನೀವು ಆಡಿಕೊಂಡದ್ದು ಹೊಲಸು.
ಆ ಮುದುಕ ಆಮೇಲೆ ಸಭೆಯಲ್ಲಿ ಬಾಯಿ ತೆರೆಯಲಿಲ್ಲ.
ಓದಿ ನಕ್ಕಿದ್ದೆ ನಾನು. ಜೋಡಿಸಿದ್ದೂ ಇದೇ ಕೈ.

ಆಮೇಲೊಂದು ವಾರ ಆ ವಾಕ್ಯ ಬಂತು:
'ನಮ್ಮ ಹೆಂಗಸರಿಗೆ ಬಿಡುಗಡೆ ಬೇಕು.'
ಚಿಮಟ ಎತ್ತಿಕೊಂಡೆ.
ನ, ಮ, ಅದರಡಿಯ ಒತ್ತು,
ಮೂರು ಮೊಳೆ ಕಿತ್ತು
ಸಾಲನ್ನು ಬಿಗಿ ಮಾಡಿದೆ.

ಸೋಮವಾರ ನೀವೇ ಬಂದಿರಿ, ಬೀಡಿ ಹೊಸಿಲಿಗೆ ಒತ್ತಿ ಆರಿಸಿ.
'ಇಲ್ಲೊಂದು ಪದ ಬಿದ್ದುಹೋಗಿದೆ.'
'ಬಿದ್ದಿಲ್ಲ ಸಾರ್. ತೆಗೆದಿದ್ದು.'
ದಸ್ತಗೀರ್ ಸಾಹೇಬರು ಸುಮ್ಮನೆ ಕೆಮ್ಮಿದರು.
ಟ್ರೆಡಲ್ ತುಳಿಯುವವನ ಕಾಲು ನಿಂತಿತು.
ನಿನ್ನ ಹೆಸರೇನಮ್ಮ, ಅಂದಿರಿ.
ರುಕ್ಮಾಬಾಯಿ, ಅಂದೆ.
ಐದು ವರ್ಷ ನಿಮ್ಮ ಮಾತು ಜೋಡಿಸಿದವಳು.

ಮುಂದಿನ ಸಂಚಿಕೆ, ಕೊನೆಯ ಪುಟ, ಎಣ್ಣೆ ಜಾಹೀರಾತಿನ ಕೆಳಗೆ:
'ಕಳೆದ ವಾರದ ಅಚ್ಚಿನ ತಪ್ಪೊಂದು ಲೇಖಕನನ್ನು ತಿದ್ದಿದೆ.'
ಅದನ್ನೂ ನಾನೇ ಜೋಡಿಸಿದೆ.
ಕೈ ನಡುಗಿ ಒಂದು ಒತ್ತು ನೆಲಕ್ಕೆ ಬಿತ್ತು,
ಸಂಜೆವರೆಗೂ ಮಂಡಿಯೂರಿ ಹುಡುಕಿದೆ.

ಇವತ್ತು ಸಂಘದ ಭವನದ ತುಂಬ ಜನ.
ಅಂದು ಕಡ್ಡಿ ಗೀರಿದವರು ಮುಂದಿನ ಸಾಲಿನಲ್ಲಿ,
ತೊಡೆಯ ಮೇಲೆ ಸುಗಂಧರಾಜದ ಹಾರ.
ವೇದಿಕೆಯ ಹಿಂದೆ ಫ್ಲೆಕ್ಸು, ಆಳೆತ್ತರದ ಅಕ್ಷರ:
'ನಮ್ಮ ಹುಚ್ಚರಾಯಪ್ಪ'.
ಫ್ಲೆಕ್ಸಿಗೆ ಚಿಮಟ ಹಾಕಲು ಬರುವುದಿಲ್ಲ.
ಎಲೆಯಡಿಕೆ ಸಂಚಿಯಲ್ಲಿ ಬೆರಳಾಡಿಸಿದೆ,
ಸುಣ್ಣದ ಡಬ್ಬಿಯ ಪಕ್ಕ ಆ ಮೂರು ಮೊಳೆ, ತಣ್ಣಗೆ.

ಪ್ರೆಸ್ಸಿನ ಹಳಬರು, ಎರಡು ಮಾತಾಡಿ, ಅಂದರು.
ಮೈಕು ನನಗಿಂತ ಎತ್ತರವಿತ್ತು, ಯಾರೋ ಬಗ್ಗಿಸಿದರು.
'ಹುಚ್ಚರಾಯಪ್ಪನವರು,' ಅಂದೆ,
'ನಮ್ಮವರಲ್ಲ.'
ಗುಜುಗುಜು.
ನಿಂತೇ ಇದ್ದೆ.
ಮುಂದಿನ ಹಾಳೆಗೆ
ತುಂಗೆಯ ಆಚೆಗೆ ಹುಡುಗನನ್ನು ಕಳಿಸುವಂತಿರಲಿಲ್ಲ.