ಗಾಳಿ ಗುದ್ದುವವರು

ಆಂತೊಫಗಾಸ್ತ, ಬಂದರಿನ ಮೇಲಿನ ಗುಡ್ಡ,
ಮೂರನೇ ಮಹಡಿ, ಕೊನೆಯ ಬಾಗಿಲು.
ನಾನು ಅಲ್ಲಿ ನೆಲ ಒರೆಸುವ, ಗಾಜು ತೊಳೆಯುವ
ನೊಲ್ಬೆರ್ತೊ ವಿಲ್ಕ.
ಒಳಗೆ ಎದುವೀಹಿಸ್ ಚಯಾಪ ಗಾಳಿ ಗುದ್ದುತ್ತಾಳೆ.

ಗಾಳಿ ಗುದ್ದಿದರೆ ಮೈ ನೋವು, ಎಂದಿದ್ದೆ ಮೊದಲ ದಿನ.
ನಕ್ಕಳು. ಗುದ್ದುವುದಲ್ಲ ವಿಲ್ಕ, ಬಿಚ್ಚುವುದು.
ಎರಡು ಕಣ, ನಡುವೆ ಮೂರು ಗಂಟು,
ಉಗುರಿಗೂ ಹಲ್ಲಿಗೂ ಜಗ್ಗದ್ದು.
ನೂರು ಪಾಲು ಗಾಳಿಯಲ್ಲಿ ಎಪ್ಪತ್ತೆಂಟು ಪಾಲು ಅದೇ;
ಎದೆಯೊಳಗೆ ಬರುತ್ತದೆ, ಒಂದು ಸುತ್ತು ನೋಡುತ್ತದೆ,
ಏನೂ ಮುಟ್ಟದೆ ಹೊರಡುತ್ತದೆ.
ಹೆಸರಿಗೆ ಸಾರಜನಕ.

ಕಾರ್ಖಾನೆಗಳು ಅದನ್ನು ಕಾಯಿಸಿ, ಹಿಂಡಿ, ಬಗ್ಗಿಸುತ್ತವೆ.
ಇವಳಿಗೆ ಕೋಣೆಯ ಬಿಸುಪು ಸಾಕು,
ಮತ್ತೆ ಮಾಲಿಬ್ಡಿನಮ್ಮಿನ ಒಂದೊಂದೇ ಪರಮಾಣು,
ರಂಜಕದ ತೋಳುಗಳ ನಡುವೆ
ಒಂದು ಕಡೆ ಜಾಗ ಬಿಟ್ಟು ಕೂರಿಸಿದ್ದು.
ಆರ್ಗಾನ್ ತುಂಬಿದ ಗಾಜಿನ ಪೆಟ್ಟಿಗೆಯೊಳಗೆ
ಕಪ್ಪು ಗವಸಿನ ಕೈ ಆಡಿಸುತ್ತಾಳೆ,
ಮಗು ಯಾವ ಕಡೆ ತಿರುಗಿದೆ ಎಂದು ಹುಡುಕುವ ಸೂಲಗಿತ್ತಿಯ ಹಾಗೆ.

ನನ್ನ ಅಜ್ಜ ಇದನ್ನೇ ನೆಲದಿಂದ ಕಿತ್ತವನು.
ಮರುಭೂಮಿಯ ಬಿಳಿ ಉಪ್ಪು, ಸಿಡಿಮದ್ದು, ಸುತ್ತಿಗೆ;
ಕೂಲಿಗೆ ತಗಡಿನ ಬಿಲ್ಲೆ,
ಕಂಪನಿಯ ಅಂಗಡಿ ದಾಟಿದರೆ ಬರೀ ತಗಡು.
ಒಂದು ವರ್ಷ ಹಡಗುಗಳು ಬರಲಿಲ್ಲ.
ಸಮುದ್ರದಾಚೆ ಯಾರೋ ಗಾಳಿಯಿಂದಲೇ ಗೊಬ್ಬರ ಮಾಡುತ್ತಾರಂತೆ ಎಂದರು.
ಅಜ್ಜ ತುಂಬ ಹೊತ್ತು ಆಕಾಶ ನೋಡಿದನಂತೆ,
ಕಳ್ಳನ ಮುಖ ನೋಡುವ ಹಾಗೆ.

ಆಗಸ್ಟಿನಲ್ಲಿ ಪರೀಕ್ಷೆಯ ನೀರು ನೀಲಿಯಾಯಿತು.
ನೀಲಿ ಎಂದರೆ ಅಮೋನಿಯ.
ಹುಡುಗರು ಕೇಕು ತಂದರು, ನನಗೂ ಒಂದು ತುಂಡು.
ಅವಳು ಮಾತ್ರ ತಿನ್ನಲಿಲ್ಲ.
ತೂಕ ಹೆಚ್ಚಿನ ಸಾರಜನಕ ತರಿಸಿದಳು,
ಅಂಗೈಯಷ್ಟು ಸೀಸೆ, ನನ್ನ ಮೂರು ತಿಂಗಳ ಸಂಬಳ.
ಆ ಸೀಸೆಯಿಂದ ಹುಟ್ಟಿದ್ದಾದರೆ ಪರದೆಯ ಮೇಲೆ ಎರಡು ಶಿಖರ,
ಬೇರೆಲ್ಲಿಂದಲೋ ನುಸುಳಿದ್ದಾದರೆ ಮೂರು.

ಮೂರು.

ಹೊರಗೆ ಬಂದು ನನ್ನ ಬಕೆಟ್ಟಿಗೆ ಇಣುಕಿದಳು:
ಇದರಲ್ಲಿ ಏನಿದೆ ವಿಲ್ಕ?
ಹದಿನೇಳು ವರ್ಷದಲ್ಲಿ ಯಾರೂ ಕೇಳಿರದ ಪ್ರಶ್ನೆ.
ಡಬ್ಬಿ ತಿರುಗಿಸಿ ಓದಿದೆವು, ಇಬ್ಬರೂ. ಅಮೋನಿಯ.
ನಿಂಬೆಯ ಸೋಪು ತಂದೆ. ಮತ್ತೂ ಮೂರು.
ಉಸಿರಿರಬಹುದು ಎಂದರು, ಬೆವರಿರಬಹುದು,
ರಬ್ಬರಿನ ಕೊಳವೆ ಇರಬಹುದು.
ತೊಳೆಯುವ ತೊಟ್ಟಿಯ ಮೇಲಿನ ಹಲಗೆಯಲ್ಲಿ
ಅಜ್ಜನ ಉಪ್ಪುಗಲ್ಲು ಇತ್ತು, ಮುಟ್ಟಿದರೆ ಪುಡಿ ಉದುರುವಂಥದ್ದು.
ಎರಡು ದಿನ ಹೇಳಲಿಲ್ಲ.
ಮೂರನೇ ದಿನ ಪೇಪರಿನಲ್ಲಿ ಸುತ್ತಿ ಮನೆಗೆ ಒಯ್ದೆ,
ಬೆಳಿಗ್ಗೆ ಬಂದು ಹೇಳಿದೆ.
ಅವಳು ಬೈಯಲಿಲ್ಲ. ನಿನ್ನಜ್ಜ ಬಿಟ್ಟುಕೊಡಲಿಲ್ಲ ನೋಡು, ಎಂದಳು.

ಅಕ್ಟೋಬರಿನ ಒಂದು ರಾತ್ರಿ, ಒಂದೂವರೆ ಗಂಟೆ.
ಆ ಗೆರೆಗಳನ್ನು ಓದಲು ನನಗೆ ಬಾರದು,
ಎರಡಕ್ಕೂ ಮೂರಕ್ಕೂ ವ್ಯತ್ಯಾಸ ಬರುತ್ತದೆ.
ಎರಡೇ ಇದ್ದವು.
ಎಷ್ಟು ಸಿಕ್ಕಿತು? ಲೋಹದ ಒಂದು ಕಣಕ್ಕೆ ನಾಲ್ಕು ಕಣ.
ಆಮೇಲೆ ಲೋಹ ಸತ್ತು ಕಂದು ಕೆಸರಾಯಿತು.
ಒಂದು ಎಲೆಗೂ ಸಾಲದು, ಎಂದಳು,
ನಗುತ್ತಿದ್ದಳೋ ಅಳುತ್ತಿದ್ದಳೋ, ಕನ್ನಡಕ ಮಸುಕಾಗಿತ್ತು.

ಆ ಕೆಸರು ತೊಳೆದವನು ನಾನೇ.
ಆಮ್ಲದಲ್ಲಿ ಒಮ್ಮೆ, ನೀರಲ್ಲಿ ಏಳು ಸಲ,
ಫ್ಲಾಸ್ಕನ್ನು ಕಿಟಕಿಗೆ ಹಿಡಿದು ನೋಡುತ್ತಿದ್ದೆ.
ಖಾಲಿಯಾಯಿತೇ? ಎಂದಳು ಒಳಗಿನಿಂದ.
ಯಾವ ಲೆಕ್ಕದಲ್ಲಿ, ಎಂದೆ.